‘ಬೈಯೋಕಾದ್ರೂ ಬರಬಾರದಾ?’: ಆರ್‌ಸಿಬಿ ಅಭಿಮಾನಿಯ ಸಿಟ್ಟಿಗೂ ಒಂದು ಇತಿಹಾಸ



ಇತಿಹಾಸ ಅಂದ್ರೆ ನಾವು ಸಾಮಾನ್ಯವಾಗಿ ಕೋಟೆ, ಕೆರೆ, ಶಾಸನ, ಪಾಳೇಗಾರರು ಅಂತ ಮಾತಾಡ್ತೀವಿ. ಚಿತ್ರದುರ್ಗದವನಾದ ನನಗೆ ಅದು ಸುಲಭ ಕೂಡ. ಇವತ್ತು ಮಾತ್ರ ಬೇರೆ ವಿಷಯ ತಗೊಂಡಿದ್ದೀನಿ. ಸೋಲುವ ತಂಡದ ಮೇಲೆ ಅದರ ಅಭಿಮಾನಿಗೆ ಬರುವ ಸಿಟ್ಟು. ಅದಕ್ಕೂ ಒಂದು ಇತಿಹಾಸ ಇದೆ. ಅದನ್ನ ಯಾರೂ ಬರೆದಿಡೋದಿಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ರನ್ ಇರುತ್ತೆ, ವಿಕೆಟ್ ಇರುತ್ತೆ. ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಅಂಗಡಿಯಲ್ಲಿ ಟಿವಿ ನೋಡ್ತಾ ನಿಂತಿದ್ದವನು ಲೋಟ ಕುಕ್ಕಿ ಎದ್ದು ಹೋದದ್ದು ಅದರಲ್ಲಿ ಇರೋದಿಲ್ಲ.

ಮೊದಲು ಒಂದು ಸಣ್ಣ ನೆನಪು ಹೇಳ್ತೀನಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಾನು ಓದಿದ್ದು ನಮ್ಮ ಜಿಲ್ಲೆಯದೇ ಒಂದು ಕಾಲೇಜಿನಲ್ಲಿ. ಹೆಸರು ಬೇಡ. ಅಲ್ಲೊಂದು ಬ್ಯಾಸ್ಕೆಟ್‌ಬಾಲ್ ಅಂಕಣ ಇತ್ತು. ಸಿಮೆಂಟ್ ನೆಲ, ಎರಡು ಕಂಬ, ಒಂದು ರಿಂಗಿಗೆ ಮಾತ್ರ ಬಲೆ. ತಂಡವೂ ಹಾಗೇ ಇತ್ತು. ವಲಯ ಮಟ್ಟದ ಟೂರ್ನಿಗೆ ಪ್ರತಿ ವರ್ಷ ಹೋಗೋದು, ಮೊದಲ ಸುತ್ತಲ್ಲೇ ಸೋತು ಬರೋದು. ನಾವೊಂದು ಹತ್ತು ಹದಿನೈದು ಜನ ಕಾಂಪೌಂಡ್ ಗೋಡೆ ಮೇಲೆ ಕೂತು, ಪ್ರಾಕ್ಟೀಸ್ ಮಾಡುವವರಿಗೆ ಬಾಯಿಗೆ ಬಂದಂಗೆ ಬೈತಿದ್ವಿ. ‘ಲೇ, ಬಾಲು ರಿಂಗಿಗೆ ಹಾಕಬೇಕು ಕಣ್ರೋ, ಪ್ರಿನ್ಸಿಪಾಲ್ ರೂಮಿಗಲ್ಲ’ ಅಂತ. ಮೂರನೇ ವರ್ಷಕ್ಕೆ ನಮಗೇ ಸಾಕಾಯ್ತು. ಗೋಡೆ ಹತ್ತೋದು ಬಿಟ್ವಿ. ಆ ವರ್ಷವೂ ಸೋತು ಬಂದ ಮೇಲೆ ಕ್ಯಾಪ್ಟನ್, ಹೊಳಲ್ಕೆರೆ ಕಡೆಯ ಉದ್ದನೆ ಹುಡುಗ, ಕ್ಯಾಂಟೀನಲ್ಲಿ ಸಿಕ್ಕಿ ಕೇಳಿದ: ‘ಯಾಕ್ರಪ್ಪಾ, ಬೈಯೋಕಾದ್ರೂ ಬರಬಾರದಾ?’

ಆಗ ನಕ್ಕುಬಿಟ್ಟಿದ್ದೆ. ನಾವು ಬೈಯೋದು ನಿಲ್ಲಿಸಿದ ಎರಡೇ ವರ್ಷದಲ್ಲಿ ಆ ಕಂಬಗಳನ್ನ ಕಿತ್ತು, ಅಂಕಣವನ್ನ ಬೈಕ್ ನಿಲ್ಲಿಸೋ ಜಾಗ ಮಾಡಿದ್ರು. ಕೇಳೋಕೆ ಒಬ್ಬರೂ ಇರಲಿಲ್ಲ. ಆ ಹುಡುಗನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳೀತು. ಅದನ್ನ ಹಿಡಕೊಂಡೇ ಇವತ್ತು ಆರ್‌ಸಿಬಿ ಅಭಿಮಾನಿಯ ಕತೆ ಹೇಳ್ತೀನಿ.

ಮೊದಲ ರಾತ್ರಿಯೇ ಶುರು

2008ರ ಏಪ್ರಿಲ್ 18. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್ ಅನ್ನೋದರ ಮೊಟ್ಟಮೊದಲ ಪಂದ್ಯ, ಅದೂ ನಮ್ಮೂರ ತಂಡದ್ದು. ವಿಜಯ್ ಮಲ್ಯ ಈ ತಂಡವನ್ನ 11.16 ಕೋಟಿ ಡಾಲರ್‌ಗೆ ಕೊಂಡಿದ್ದರು. ಮುಂಬೈ ಬಿಟ್ಟರೆ ಅತಿ ಹೆಚ್ಚು ಬೆಲೆಯ ತಂಡ. ನಾಯಕ ರಾಹುಲ್ ದ್ರಾವಿಡ್. ಇನ್ನೇನು ಬೇಕು ಅಂತ ನಾವೆಲ್ಲ ಟಿವಿ ಮುಂದೆ ಕೂತಿದ್ವಿ.

ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಬಂದು 73 ಎಸೆತಕ್ಕೆ 158 ಬಾರಿಸಿದ. ಕೋಲ್ಕತ್ತ 222. ನಮ್ಮವರು 82ಕ್ಕೆ ಎಲ್ಲರೂ ಔಟ್. 140 ರನ್ನಿನ ಸೋಲು. ಆ 82ರಲ್ಲಿ ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬನೇ, 18. ಅದಕ್ಕಿಂತ ಜಾಸ್ತಿ ಬಂದಿದ್ದು ಇತರೆ ರನ್, 19. ಎದುರಾಳಿ ಪುಕ್ಕಟೆ ಕೊಟ್ಟಿದ್ದೇ ನಮ್ಮ ಅತಿ ಹೆಚ್ಚಿನ ಸ್ಕೋರು!

ದ್ರಾವಿಡ್, ಕಾಲಿಸ್, ವಾಸಿಂ ಜಾಫರ್, ಚಂದ್ರಪಾಲ್. ಇದೇನು ಟಿ20 ತಂಡವೋ ಟೆಸ್ಟ್ ತಂಡವೋ ಅಂತ ದೇಶವೆಲ್ಲ ನಗಾಡಿತು. ಆ ವರ್ಷ 14 ಪಂದ್ಯದಲ್ಲಿ ಗೆದ್ದಿದ್ದು 4. ಎಂಟು ತಂಡದಲ್ಲಿ ಏಳನೇ ಸ್ಥಾನ. ಸಿಟ್ಟು ನಮಗಷ್ಟೇ ಅಲ್ಲ, ಮಾಲೀಕರಿಗೂ ಬಂತು. ಟೂರ್ನಿ ನಡೀತಿರುವಾಗಲೇ ಸಿಇಒ ಚಾರು ಶರ್ಮ ಹೊರಗೆ ಹೋದರು. ತಂಡದ ಆಯ್ಕೆ ಬಗ್ಗೆ ದ್ರಾವಿಡ್ ಮೇಲೆ ಮಲ್ಯ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡರು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಮಾಲೀಕನಿಗೆ ಸಿಟ್ಟು ಬಂದರೆ ಒಬ್ಬರ ಕೆಲಸ ಹೋಗುತ್ತೆ. ಅಭಿಮಾನಿಗೆ ಸಿಟ್ಟು ಬಂದರೆ? ಅವನ ಕೈಯಲ್ಲಿ ಏನೂ ಇಲ್ಲ. ಹೆಸರೇ ಒಂದು ವಿಸ್ಕಿ ಬ್ರ್ಯಾಂಡಿನದು, ತಂಡ ಕಂಪನಿಯದು, ಆಟಗಾರರು ಹರಾಜಿನವರು. ಹಿರಿಯೂರಿನ, ಹೊಳಲ್ಕೆರೆಯ ಹುಡುಗನಿಗೆ ಇದರಲ್ಲಿ ಏನು ಪಾಲು? ಚಿನ್ನಸ್ವಾಮಿ ಕ್ರೀಡಾಂಗಣ ಚಿತ್ರದುರ್ಗದಿಂದ ಹೆಚ್ಚುಕಮ್ಮಿ 200 ಕಿಲೋಮೀಟರ್. ಒಳಗೆ ಹಿಡಿಸೋದು ಸುಮಾರು 35 ಸಾವಿರ ಜನ. ಪಂದ್ಯ ಮುಗಿಯೋದು ನಡುರಾತ್ರಿ ಹತ್ತಿರ. ನಮ್ಮ ಕಡೆಯವರಲ್ಲಿ ಬಹಳಷ್ಟು ಜನ ಅದರ ಗೇಟನ್ನೂ ನೋಡಿಲ್ಲ. 2009ರಲ್ಲಿ ಕೆಪಿಎಲ್ ಅಂತ ರಾಜ್ಯದೊಳಗಿನ ಲೀಗ್ ಶುರುವಾದಾಗ ಪಕ್ಕದ ದಾವಣಗೆರೆ ಹೆಸರಲ್ಲಿ ತಂಡ ಬಂತು, ಮಲೆನಾಡಿನ ಹೆಸರಲ್ಲಿ ಬಂತು, ದುರ್ಗದ ಹೆಸರಲ್ಲಿ ಬರಲಿಲ್ಲ.

ಹಾಗಾಗಿ ನಮಗೆ ಉಳಿದದ್ದು ಬೈಯೋದು ಒಂದೇ. ಬೈದಾಗ ಮಾತ್ರ ತಂಡ ನಮ್ಮದು ಅನ್ನಿಸೋದು. ಪಕ್ಕದ ಮನೆ ಹುಡುಗ ಫೇಲಾದರೆ ‘ಪಾಪ’ ಅಂತೀವಿ. ನಮ್ಮ ಮನೆ ಹುಡುಗ ಫೇಲಾದರೆ ತಾನೇ ಬೈಯೋದು?

ಆರು ರನ್

ಮುಂದಿನ ವರ್ಷ, 2009. ಚುನಾವಣೆ ಇದ್ದದ್ದರಿಂದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯ್ತು. ಹಿಂದಿನ ವರ್ಷ ಕೊನೇ ಸ್ಥಾನದಲ್ಲಿದ್ದ ಡೆಕ್ಕನ್ ಚಾರ್ಜರ್ಸ್, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದ ನಾವು, ಇಬ್ಬರೂ ಫೈನಲ್ಲಿಗೆ ಬಂದ್ವಿ. ಮೇ 24, ಜೊಹಾನ್ಸ್‌ಬರ್ಗ್. ಅನಿಲ್ ಕುಂಬ್ಳೆ ನಾಯಕ. 16 ರನ್ನಿಗೆ 4 ವಿಕೆಟ್ ತಗೊಂಡರು. ಡೆಕ್ಕನ್ 143. ನಮ್ಮವರು 137. ಆರು ರನ್ನಿನ ಸೋಲು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕ ಕುಂಬ್ಳೆಗೇ ಸಿಕ್ಕಿತು.

ಇದಾಗಿ ಎಂಟು ತಿಂಗಳಿಗೆ, 2010ರ ಜನವರಿ. ಈ ಸಲ ಆರ್‌ಸಿಬಿ ಅಲ್ಲ, ರಣಜಿ. ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ಫೈನಲ್. ಮುಂಬೈ ಅಂದ್ರೆ ನಮಗೆ ಹಳೇ ಲೆಕ್ಕ. ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯ ಓಟವನ್ನ 1974ರಲ್ಲಿ, ಪ್ರಸನ್ನ ನಾಯಕತ್ವದಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ನಿಲ್ಲಿಸಿದ್ದು ಕರ್ನಾಟಕವೇ. ಆದರೆ 1998-99ರ ಮೇಲೆ ನಮ್ಮ ಮನೆಗೆ ರಣಜಿ ಬಂದಿರಲಿಲ್ಲ. ಗೆಲುವಿಗೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ಕರ್ನಾಟಕ 331ಕ್ಕೆ ಆಲೌಟ್. ಎಷ್ಟು ರನ್ನಿನ ಸೋಲು? ಮತ್ತೆ ಆರು.

ಆವತ್ತು ನನಗೆ ಪರಿಚಯದ ಹಿರಿಯರೊಬ್ಬರು, ಹಿರಿಯೂರಿನವರು, ರೇಡಿಯೊ ಆಫ್ ಮಾಡಿ ಹೇಳಿದ್ರು: ‘ಅರವತ್ತು ರನ್ನಲ್ಲಿ ಸೋತರೆ ಊಟ ಸೇರುತ್ತೆ ಕಣಪ್ಪ. ಆರು ರನ್ನಲ್ಲಿ ಸೋತರೆ ಸೇರಲ್ಲ.’

ಸಿಟ್ಟು ಎಲ್ಲಿಗೆ ಹೋಗುತ್ತೆ?

ಅಭಿಮಾನಿಯ ಸಿಟ್ಟು ನಮ್ಮ ದೇಶಕ್ಕೆ ಹೊಸದೇನಲ್ಲ. 1996ರ ಮಾರ್ಚ್ 13, ಕೋಲ್ಕತ್ತದ ಈಡನ್ ಗಾರ್ಡನ್ಸ್, ವಿಶ್ವಕಪ್ ಸೆಮಿಫೈನಲ್. ಶ್ರೀಲಂಕಾದ 251ಕ್ಕೆ ಉತ್ತರವಾಗಿ ಭಾರತ 8 ವಿಕೆಟಿಗೆ 120 ಆಗಿತ್ತು. ಬಾಟಲಿ ತೂರಿದರು, ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿದರು. ಪಂದ್ಯವನ್ನ ಅಲ್ಲಿಗೇ ನಿಲ್ಲಿಸಿ ಶ್ರೀಲಂಕಾ ಗೆದ್ದಿತು ಅಂತ ಘೋಷಿಸಬೇಕಾಯ್ತು. 2007ರ ವಿಶ್ವಕಪ್ಪಿನಲ್ಲಿ ಭಾರತ ಮೊದಲ ಸುತ್ತಲ್ಲೇ ಹೊರಬಿದ್ದಾಗ ಆಟಗಾರರ ಪ್ರತಿಕೃತಿ ಸುಟ್ಟರು. ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿ ಮನೆಗೆ ನುಗ್ಗಿದರು.

ಆರ್‌ಸಿಬಿ ಅಭಿಮಾನಿಯ ಸಿಟ್ಟು ಬಹುಪಾಲು ಬೇರೆ ದಾರಿ ಹಿಡೀತು. ಅದು ನಗೆಯಾಯ್ತು. 2011ರಲ್ಲಿ ಕ್ರಿಸ್ ಗೇಲ್ ಟೂರ್ನಿಯ ಮಧ್ಯದಲ್ಲಿ ಬಂದು 608 ರನ್ ಹೊಡೆದು ಫೈನಲ್ ತನಕ ಕರಕೊಂಡು ಹೋದ. ಚೆನ್ನೈ 205 ಮಾಡಿತು, ಗೇಲ್ ಮೊದಲ ಓವರಲ್ಲೇ ಸೊನ್ನೆಗೆ ಔಟ್, 58 ರನ್ನಿನ ಸೋಲು. 2013ರ ಏಪ್ರಿಲ್ 23ರಂದು ಅದೇ ಗೇಲ್ 66 ಎಸೆತಕ್ಕೆ 175. ತಂಡ 263. ಆಗಿನ ದಾಖಲೆ. ನಾಲ್ಕು ವರ್ಷ ಬಿಟ್ಟು, 2017ರಲ್ಲಿ, ತಾರೀಖು ಮತ್ತೆ ಏಪ್ರಿಲ್ 23. ಈಡನ್ ಗಾರ್ಡನ್ಸ್. ಕೋಲ್ಕತ್ತವನ್ನ 131ಕ್ಕೆ ಆಲೌಟ್ ಮಾಡಿ ‘ಗೆದ್ವಿ ಬಿಡ್ರೀ’ ಅಂತ ಕೂತಿದ್ದೆವು. ನಮ್ಮವರು 9.4 ಓವರಿನಲ್ಲಿ 49ಕ್ಕೆ ಆಲೌಟ್. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಇದ್ದ ತಂಡದಲ್ಲಿ ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಅಂಗಡಿಗೆ ಹೋದರೆ, ಚಿಲ್ಲರೆ ವಾಪಸ್ ಕೊಡ್ತಾ ಅಂಗಡಿಯವ ಅಂದ: ‘ತಗೊಳಿ ಸರ್, ನಲವತ್ತೊಂಬತ್ತು ರೂಪಾಯಿ. ಆಲೌಟ್.’

ನಡುವೆ 2016 ಇದೆ. ಅದನ್ನ ನೆನಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್, ನಾಲ್ಕು ಶತಕ. ಫೈನಲ್ ಚಿನ್ನಸ್ವಾಮಿಯಲ್ಲೇ, ಮೇ 29. ಹೈದರಾಬಾದ್ 208. ಕೊನೆಯ ಓವರಿನಲ್ಲೇ 24 ಕೊಟ್ಟಿದ್ದರು. ನಮ್ಮವರು ಮೊದಲ ವಿಕೆಟಿಗೆ 114 ಸೇರಿಸಿದ್ರು. ಅಷ್ಟಾದ ಮೇಲೂ 200ಕ್ಕೆ ನಿಂತರು. ಎಂಟು ರನ್ನಿನ ಸೋಲು. ಅದರ ಮುಂದಿನ ವರ್ಷ 14ರಲ್ಲಿ 3 ಗೆಲುವು, ಕೊನೇ ಸ್ಥಾನ. 2019ರಲ್ಲಿ ಮೊದಲ ಆರು ಪಂದ್ಯವೂ ಸೋಲು, ಮತ್ತೆ ಕೊನೇ ಸ್ಥಾನ.

ಈ ವರ್ಷಗಳಲ್ಲೇ ಆ ಘೋಷಣೆ ಬಾಯಿಂದ ಬಾಯಿಗೆ ಹರಡಿದ್ದು: ‘ಈ ಸಲ ಕಪ್ ನಮ್ದೇ.’ 2018ರ ಹೊತ್ತಿಗಂತೂ ಆಟೊ ಹಿಂದೆ, ಟೀ ಶರ್ಟ್ ಮೇಲೆ, ಮದುವೆ ಮನೆಯಲ್ಲಿ ಎಲ್ಲ ಕಡೆ ಅದೇ. ಬೇರೆ ಊರಿನವರು ಅದನ್ನ ನಮ್ಮನ್ನ ಅಣಕಿಸೋಕೆ ಬಳಸಿದ್ರು. ನಾವೂ ನಮ್ಮನ್ನ ನಾವೇ ಅಣಕಿಸೋಕೆ ಬಳಸಿದ್ವಿ. ಕಳೆದ ಸಲ ಹೋಯ್ತು, ಮುಂದಿನ ಸಲದ್ದು ದೇವರೇ ಬಲ್ಲ, ‘ಈ ಸಲ’ದ ಮೇಲೆ ಮಾತ್ರ ಆಸೆ. ಮಳೆ ನಂಬಿ ಶೇಂಗಾ ಬಿತ್ತುವ ಜಿಲ್ಲೆಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯವಾದ ಸಿಟ್ಟು, ಅನ್ಯಾಯದ ಸಿಟ್ಟು

ನಮ್ಮ ದೂರುಗಳಲ್ಲಿ ಹುರುಳಿರಲಿಲ್ಲ ಅಂತ ತಿಳ್ಕೋಬೇಡಿ. ಮುಖ್ಯವಾಗಿ ಎರಡಿತ್ತು. ಒಂದು, ಬ್ಯಾಟಿಂಗಿಗೆ ದುಡ್ಡು ಸುರಿದು ಬೌಲಿಂಗ್ ಮರೀತಾರೆ ಅನ್ನೋದು. ಎರಡನೇದು, ನಮ್ಮ ಹುಡುಗರನ್ನ ಬಿಟ್ಟುಕೊಡ್ತಾರೆ ಅನ್ನೋದು. 2009ರಲ್ಲಿ ಆರ್‌ಸಿಬಿ ಅಂಗಿ ಹಾಕಿಕೊಂಡು ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯನಾದವನು ಮನೀಶ್ ಪಾಂಡೆ. ಐದು ವರ್ಷಕ್ಕೆ, 2014ರ ಫೈನಲ್ಲು, ಅದೂ ಚಿನ್ನಸ್ವಾಮಿಯಲ್ಲಿ, ಅದೇ ಪಾಂಡೆ 94 ಹೊಡೆದು ಕಪ್ ಗೆಲ್ಲಿಸಿಕೊಟ್ಟ. ಯಾರಿಗೆ? ಕೋಲ್ಕತ್ತಕ್ಕೆ. ಆ ಸೀಸನ್ನಿನಲ್ಲಿ ಅತಿ ಹೆಚ್ಚು ರನ್ ಹೊಡೆದ ರಾಬಿನ್ ಉತ್ತಪ್ಪನೂ ಕೋಲ್ಕತ್ತದವನೇ ಆಗಿದ್ದ. ನಮ್ಮ ಮೈದಾನ, ನಮ್ಮ ಹುಡುಗರು, ಅವರ ಕಪ್. ಇದಕ್ಕೆ ಸಿಟ್ಟು ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು?

ಆದರೆ ಎಲ್ಲ ಸಿಟ್ಟೂ ಹೀಗಿರಲಿಲ್ಲ. ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಕೋಬೇಕು.

ಆರ್. ವಿನಯ್ ಕುಮಾರ್ ಗೊತ್ತಲ್ಲ, ‘ದಾವಣಗೆರೆ ಎಕ್ಸ್‌ಪ್ರೆಸ್’. 1984ರಲ್ಲಿ ಆತ ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ನಾವು ಅವನನ್ನ ‘ನಮ್ಮವನೇ’ ಅಂತಿದ್ವಿ. ಆರ್‌ಸಿಬಿಗೂ ಆಡಿದ್ದ. 2013ರ ನವೆಂಬರ್ 2, ಚಿನ್ನಸ್ವಾಮಿ, ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ. ರೋಹಿತ್ ಶರ್ಮ 209 ಹೊಡೆದ ದಿನ. ಅದೇ ಪಂದ್ಯದಲ್ಲಿ ವಿನಯ್ 9 ಓವರಿಗೆ 102 ರನ್ ಕೊಟ್ಟ. ಭಾರತ ಗೆದ್ದಿತ್ತು. ಆದರೂ ಅವನಿಗೆ ಬಿದ್ದ ಬೈಗುಳ ಇದೆಯಲ್ಲ, ಅದು ಆಟದ ಬಗ್ಗೆ ಇರಲಿಲ್ಲ. ಅವನ ಬಗ್ಗೆ ಇತ್ತು. ಫೋನಲ್ಲಿ ಬಂದ ಜೋಕುಗಳನ್ನ ನಾನೂ ಇನ್ನೊಬ್ಬರಿಗೆ ಕಳಿಸಿದ್ದೀನಿ. ಅದು ಅವನ ಕೊನೆಯ ಏಕದಿನ ಪಂದ್ಯ ಆಯ್ತು.

ಮೂರು ತಿಂಗಳು ಕಳೀತು. 2014ರ ಫೆಬ್ರವರಿ, ಹೈದರಾಬಾದ್. ಮಹಾರಾಷ್ಟ್ರವನ್ನ ಸೋಲಿಸಿ ಕರ್ನಾಟಕ 15 ವರ್ಷದ ಮೇಲೆ ರಣಜಿ ಗೆದ್ದಿತು. ಟ್ರೋಫಿ ಎತ್ತಿದ ನಾಯಕ ಯಾರು? ಅದೇ ವಿನಯ್ ಕುಮಾರ್. ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದ. ಮುಂದಿನ ಸೀಸನ್ನಿನಲ್ಲಿ ಮತ್ತೆ ಮೂರನ್ನೂ ಗೆದ್ದ. ಮೈಸೂರಿನ ಆರು ರನ್ನಿನ ನೋವನ್ನ ತೀರಿಸಿದ್ದು ನಾವು ಜೋಕು ಮಾಡಿದ್ದ ಮನುಷ್ಯ. ತಂಡವನ್ನ ಬೈಯೋದು ಬೇರೆ, ಒಬ್ಬ ಹುಡುಗನನ್ನ ಹಿಡಿದು ಚಚ್ಚೋದು ಬೇರೆ. ಕಾಲೇಜಿನ ಗೋಡೆ ಮೇಲಿಂದ ಬೈತಿದ್ದಾಗ ಕೆಳಗಿದ್ದವರ ಮುಖ ನಮಗೆ ಕಾಣ್ತಿತ್ತು, ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಾಗ್ತಿತ್ತು. ಫೋನಿನಲ್ಲಿ ಮುಖ ಕಾಣೋದಿಲ್ಲ.

ಮಾರಿಕಣಿವೆ ಕಲಿಸಿದ ಪಾಠ

ಈಗ ಕ್ರಿಕೆಟ್ ಬಿಟ್ಟು ಹಿರಿಯೂರಿಗೆ ಬನ್ನಿ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ. ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಪೂರ್ಣ ಮಟ್ಟ 130 ಅಡಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ? ಆಮೇಲೆ ಇಲ್ಲ. ನಮ್ಮ ಅಪ್ಪನ ಕಾಲ ಹೋಯ್ತು, ನಮ್ಮ ಕಾಲ ಬಂತು. ‘1933ರಲ್ಲಿ ಕೋಡಿ ಬಿದ್ದಿತ್ತಂತೆ’ ಅನ್ನೋದು ಮನೆ ಮನೆಯ ಮಾತು. ಪ್ರತಿ ಮಳೆಗಾಲದಲ್ಲಿ ಅಡಿ ಲೆಕ್ಕ. ಇವತ್ತೆಷ್ಟು, ನಿನ್ನೆ ಎಷ್ಟಿತ್ತು? ಪ್ಲೇ ಆಫ್ ಲೆಕ್ಕ ಹಾಕುವ ಆರ್‌ಸಿಬಿ ಅಭಿಮಾನಿ ಕ್ಯಾಲ್ಕುಲೇಟರ್ ಹಿಡಿಯೋದೂ ಹೀಗೇ.

ಕೊನೆಗೆ 2022ರ ಸೆಪ್ಟೆಂಬರ್. 89 ವರ್ಷದ ಮೇಲೆ ಕೋಡಿ ಬಿತ್ತು. ಆರೂ ತಾಲ್ಲೂಕಿಂದ ಜನ ಹೋದ್ರು. ಮುದುಕರನ್ನ ಹೊತ್ತು ತಂದವರನ್ನ ನಾನೇ ನೋಡಿದೆ. ಅಲ್ಲಿ ನೀರು ನೋಡ್ತಾ ಅತ್ತವರಲ್ಲಿ ಬಹಳ ಜನ ಅದೇ ಕೆರೆಯನ್ನ, ಅದೇ ಸರ್ಕಾರವನ್ನ, ಅದೇ ಮಳೆಯನ್ನ ಜೀವಮಾನವೆಲ್ಲ ಬೈದವರು. ಬೈದದ್ದಕ್ಕೇ ಅತ್ತರು. ಬೈಯದವರು ಫೋಟೊ ತಗೊಂಡು ಹೋದರು.

ಕಾಯುವಿಕೆ ನಮಗೊಬ್ಬರಿಗೇ ಅಲ್ಲ. ಅಮೆರಿಕದಲ್ಲಿ ಕ್ಯಾಲ್‌ಟೆಕ್ ಅಂತ ವಿಜ್ಞಾನಕ್ಕೆ ಹೆಸರಾದ ವಿದ್ಯಾಸಂಸ್ಥೆ ಇದೆ. ನೊಬೆಲ್ ಗೆದ್ದವರು ಪಾಠ ಮಾಡುವ ಜಾಗ. ಅದರ ಬ್ಯಾಸ್ಕೆಟ್‌ಬಾಲ್ ತಂಡ 1985ರಿಂದ ತನ್ನ ಲೀಗಿನಲ್ಲಿ ಒಂದೂ ಪಂದ್ಯ ಗೆಲ್ಲದೆ, ಸತತ 310 ಪಂದ್ಯ ಸೋತಿತ್ತು. 26 ವರ್ಷ! 2011ರ ಫೆಬ್ರವರಿ 22ರಂದು 46-45ರಲ್ಲಿ, ಒಂದೇ ಒಂದು ಪಾಯಿಂಟಿನಲ್ಲಿ ಗೆದ್ದರು. ನೋಡೋಕೆ ಬಂದಿದ್ದವರು ಅಂಕಣಕ್ಕೇ ನುಗ್ಗಿ ಕುಣಿದರು. ಈ ಸುದ್ದಿ ಓದಿದಾಗ ನನಗೆ ನಮ್ಮ ಕಾಲೇಜಿನ ಹೊಳಲ್ಕೆರೆ ಹುಡುಗ ನೆನಪಾದ. 310 ಸೋಲಾದ ಮೇಲೂ ಅಲ್ಲಿ ಕಂಬ ಕೀಳಲಿಲ್ಲ. ನೋಡೋಕೆ ಜನ ಬರ್ತಿದ್ದರು. ನಮ್ಮಲ್ಲಿ ಮೂರು ಸೋಲಿಗೇ ಗೋಡೆ ಖಾಲಿಯಾಗಿತ್ತು.

ನಮ್ದೇ ಹೋಗಿ ನಮ್ದು

2024ರ ಮಾರ್ಚ್ 17. ಆರ್‌ಸಿಬಿಗೆ ಮೊದಲ ಕಪ್ ಬಂತು. ತಂದವರು ಹೆಣ್ಣುಮಕ್ಕಳು. ದೆಹಲಿಯಲ್ಲಿ ಡಬ್ಲ್ಯುಪಿಎಲ್ ಫೈನಲ್ ಗೆದ್ದ ಮೇಲೆ ಸ್ಮೃತಿ ಮಂದಾನ ಮೈಕ್ ಹಿಡಿದು, ಇನ್ನು ‘ನಮ್ದೇ’ ಅಲ್ಲ, ‘ಈ ಸಲ ಕಪ್ ನಮ್ದು’ ಅಂದ್ರು. ಒಂದು ಅಕ್ಷರದ ವ್ಯತ್ಯಾಸ. ‘ನಮ್ದೇ’ಯಲ್ಲಿ ಹಟ ಇತ್ತು, ‘ನಮ್ದು’ವಿನಲ್ಲಿ ನೆಮ್ಮದಿ. ಕನ್ನಡ ಮನೆಮಾತಲ್ಲದ ಹುಡುಗಿಯ ಬಾಯಲ್ಲಿ ಅದು ಎಷ್ಟು ಸರಿಯಾಗಿ ಬಂತು ನೋಡಿ.

ಗಂಡಸರ ತಂಡ ಅದೇ ವರ್ಷ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತಿತು. ‘ಈ ಸಲವೂ ಅಷ್ಟೇ’ ಅಂತ ಎಲ್ಲರೂ ಬೈದು ಮುಗಿಸಿದ್ದರು. ಆಮೇಲೆ ಸಾಲಾಗಿ ಆರು ಗೆದ್ದರು. ಮೇ 18ರಂದು ಚೆನ್ನೈಯನ್ನ ಬರೀ ಸೋಲಿಸಿದರೆ ಸಾಲದು, 18 ರನ್ ಅಂತರದಲ್ಲಿ ಸೋಲಿಸಬೇಕಿತ್ತು. ಕೊನೆಯ ಓವರಿನಲ್ಲಿ ಪ್ಲೇ ಆಫ್ ತಲುಪೋಕೆ ಚೆನ್ನೈಗೆ 17 ಬೇಕು. ಯಶ್ ದಯಾಳ್ ಬೌಲಿಂಗ್. ಮೊದಲ ಎಸೆತಕ್ಕೆ ಧೋನಿ ಸಿಕ್ಸರ್. ಎರಡನೆಯದಕ್ಕೆ ಧೋನಿ ಔಟ್. ನಮ್ಮವರು 27 ರನ್ನಲ್ಲಿ ಗೆದ್ದು ಒಳಗೆ ಹೋದರು. ಎಲಿಮಿನೇಟರಲ್ಲಿ ರಾಜಸ್ಥಾನಕ್ಕೆ ಸೋತು ಹೊರಗೆ ಬಂದರು. ಮತ್ತೆ ಬೈದ್ವಿ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

2025. ವರ್ಷದ ಶುರುವಿಗೇ, ಜನವರಿಯಲ್ಲಿ, ಮಾರಿಕಣಿವೆ ಮತ್ತೊಮ್ಮೆ ಕೋಡಿ ಬಿತ್ತು. ‘ಕೆರೆ ತುಂಬ್ತು ಅಂದ್ಮೇಲೆ ಕಪ್ಪೂ ಬರುತ್ತೆ ಬಿಡಿ’ ಅಂತ ನಮ್ಮೂರಲ್ಲಿ ತಮಾಷೆ ನಡೀತಿತ್ತು. ಜೂನ್ 3, ಅಹಮದಾಬಾದ್. ರಜತ್ ಪಾಟೀದಾರ್ ನಾಯಕ. ಪಂಜಾಬ್ ವಿರುದ್ಧ 190 ಹೊಡೆದರು. ಕೃಣಾಲ್ ಪಾಂಡ್ಯ 17 ರನ್ನಿಗೆ 2 ವಿಕೆಟ್. ಪಂಜಾಬ್ 184ಕ್ಕೆ ನಿಂತಿತು.

ವ್ಯತ್ಯಾಸ ಎಷ್ಟು ಅಂತ ನೋಡಿದ್ರಾ? ಆರು ರನ್. ಜೊಹಾನ್ಸ್‌ಬರ್ಗ್‌ನಲ್ಲಿ ಕಳ್ಕೊಂಡಿದ್ದು, ಮೈಸೂರಲ್ಲಿ ಕಳ್ಕೊಂಡಿದ್ದು ಅದೇ ಆರು. ಮೈದಾನದಲ್ಲಿ ಕೊಹ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನ ಎಲ್ಲರೂ ನೋಡಿದ್ರು. ಇಲ್ಲಿ ನಮ್ಮ ಬೀದಿಯಲ್ಲಿ ಪಟಾಕಿ, ಬೈಕು, ಬಾವುಟ. ನಡುರಾತ್ರಿ ದಾಟಿದ ಮೇಲೆ ಹಿರಿಯೂರಿನ ಆ ಹಿರಿಯರಿಗೆ ಫೋನ್ ಮಾಡಿದೆ. ‘ಊಟ ಸೇರ್ತಾ?’ ಅಂದೆ. ‘ಎರಡು ಸಲ ಮಾಡಿದೆ’ ಅಂದ್ರು.

ಮರುದಿನ

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗೀಲಿಲ್ಲ.

ಜೂನ್ 4. ತಂಡ ಬೆಂಗಳೂರಿಗೆ ಬಂತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಜನಸಾಗರ. ಗೇಟುಗಳ ಹತ್ತಿರ ನೂಕುನುಗ್ಗಲು, ಕಾಲ್ತುಳಿತ. 11 ಜನ ಸತ್ತರು. ಹಲವರು ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ತಪ್ಪು ಯಾರದು ಅನ್ನೋದು ತನಿಖೆಯ, ನ್ಯಾಯಾಲಯದ ವಿಷಯ. ನಾನಿಲ್ಲಿ ಕೂತು ತೀರ್ಪು ಕೊಡೋದಿಲ್ಲ. ಅದಾದ ಮೇಲೆ ಬೆಂಗಳೂರಿಗೆ ನಿಗದಿಯಾಗಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳೂ ನವಿ ಮುಂಬೈಗೆ ಹೋದವು.

ಒಂದು ಮಾತು ಮಾತ್ರ ಹೇಳಬಲ್ಲೆ. ಆವತ್ತು ಅಷ್ಟು ಜನ ಎಲ್ಲಿಂದ ಬಂದ್ರು ಅಂತ ಆಶ್ಚರ್ಯಪಟ್ಟವರು ಬಹಳ. ನನಗೆ ಆಶ್ಚರ್ಯ ಆಗಲಿಲ್ಲ. ಟಿಕೆಟ್ ಸಿಗದವರು, ಒಳಗೆ ಜಾಗ ಇಲ್ಲದವರು, ಟೀ ಅಂಗಡಿಯಲ್ಲಿ ನಿಂತು ನೋಡಿದವರು ಅಷ್ಟು ವರ್ಷವೂ ತಾವಿದ್ದೀವಿ ಅಂತ ಕೂಗಿ ಹೇಳ್ತಾನೇ ಇದ್ದರು. ಬೈದು ಹೇಳಿದ್ರು, ನಕ್ಕು ಹೇಳಿದ್ರು, ‘ಈ ಸಲ’ ಅಂತ ಘೋಷಣೆ ಕೂಗಿ ಹೇಳಿದ್ರು. ಅದನ್ನ ಕೇಳಿ ಎಲ್ಲರೂ ನಕ್ಕರು. ಜನರನ್ನ ಎಣಿಸಿದವರು ಯಾರೂ ಇರಲಿಲ್ಲ. ಒಂದು ಸಲ, ಒಂದೇ ಸಲ, ಗೋಡೆಯ ಆಚೆ ಬದಿಗೆ ಹೋಗಿ ಹತ್ತಿರದಿಂದ ನೋಡೋಣ ಅಂತ ಹೊರಟಾಗ ಗೊತ್ತಾಯ್ತು, ಇಷ್ಟು ಜನ ಇದ್ದಾರೆ ಅಂತ.

ಜೂನ್ 4ರ ಸಂಜೆ ನಮ್ಮ ಬೀದಿಯಲ್ಲಿ ಕಟ್ಟಿದ್ದ ಬಾವುಟವನ್ನ ಹುಡುಗರೇ ಇಳಿಸಿದ್ರು. ಯಾರೂ ಹೇಳಿರಲಿಲ್ಲ. ಆ ಹುಡುಗರು ಅಲ್ಲಿಗೆ ಹೊರಟಿದ್ದವರೇ. ಬಸ್ಸು ತಪ್ಪಿದ್ದರಿಂದ ಉಳಿದುಕೊಂಡಿದ್ದರು.

ಈಗ ಮತ್ತೆ ಪಂದ್ಯ, ಮತ್ತೆ ಹರಾಜು, ಮತ್ತೆ ಲೆಕ್ಕಾಚಾರ. ‘ಕಪ್ ಬಂತಲ್ಲ, ಇನ್ನಾದ್ರೂ ಬೈಯೋದು ಬಿಡಿ’ ಅಂತಾರೆ ಮನೆಯಲ್ಲಿ. ನಾನು ಬಿಡೋದಿಲ್ಲ. ಬೌಲಿಂಗ್ ಕೆಟ್ಟರೆ ಬೈತೀನಿ, ನಮ್ಮ ಹುಡುಗರನ್ನ ಹೊರಗೆ ಕೂರಿಸಿದರೆ ಬೈತೀನಿ. ಹೆಸರು ಹಿಡಿದು ಒಬ್ಬನನ್ನ ಚಚ್ಚೋದಿಲ್ಲ, ಅಷ್ಟನ್ನ ವಿನಯ್ ಕುಮಾರ್ ಕಲಿಸಿದ್ದಾನೆ. ತಂಡ ನಡೆಸುವವರಿಗೂ, ಮೈದಾನ ನಡೆಸುವವರಿಗೂ ಹೇಳೋದಿಷ್ಟೇ: ಬೈಯುವವರನ್ನ ಎಣಿಸಿಕೊಳ್ಳಿ. ಅವರು ಗದ್ದಲವಲ್ಲ, ನಿಮ್ಮ ಜನ. ಅವರಿಗೊಂದು ಜಾಗ ಮಾಡಿ, ಸುರಕ್ಷಿತವಾಗಿ ಬಂದು ಹೋಗುವ ದಾರಿ ಮಾಡಿ.

ಇಲ್ಲದಿದ್ದರೆ ಒಂದು ದಿನ ಗೋಡೆ ಖಾಲಿಯಾಗುತ್ತೆ. ಆಗ ನೀವೇ ಕೇಳಬೇಕಾಗುತ್ತೆ, ‘ಬೈಯೋಕಾದ್ರೂ ಬರಬಾರದಾ?’ ಅಂತ.

ಇವತ್ತಿಗೆ ಇಷ್ಟು. ನಿಮ್ಮೂರಿನ ಸೋತ ತಂಡದ ಕತೆ ಇದ್ದರೆ ನೆನಪು ಮಾಡ್ಕೊಳ್ಳಿ, ಮಕ್ಕಳಿಗೆ ಹೇಳಿ.